ತಲೆಬುರುಡೆಯ ಬುಡದ ಆಪರೇಷನ್: ದವಡೆ ಡಾಕ್ಟರು, ನ್ಯೂರೋಸರ್ಜನ್ ಇಬ್ಬರೂ ಬೇಕು ಅಂದಾಗ ಮನೆಯವರು ಏನೇನು ಮಾಡಬೇಕು

ಸ್ಕ್ಯಾನ್ ನೋಡಿದ ನ್ಯೂರೋಸರ್ಜನ್, ಅಂದರೆ ಮೆದುಳಿನ ಆಪರೇಷನ್ ಮಾಡುವ ಡಾಕ್ಟರು, "ಇದಕ್ಕೆ ದವಡೆ ಡಾಕ್ಟರೂ ಜೊತೆಗಿರಬೇಕು" ಅಂದರೆ ಮನೆಯವರಿಗೆ ಗಾಬರಿ ಆಗುವುದು ಸಹಜ. ಗಡ್ಡೆ ಇರುವುದು ಮೆದುಳಿನ ಪಕ್ಕ, ಅದಕ್ಕೂ ಹಲ್ಲು ದವಡೆಗೂ ಏನು ಸಂಬಂಧ? "ಮೇಲ್ದವಡೆ ಬಿಡಿಸಿ ಒಳಗೆ ಹೋಗುತ್ತೇವೆ" ಅಂದರಂತೂ ಗಾಬರಿ ಇನ್ನೂ ಜಾಸ್ತಿ. ಇಂಥ ಮಾತು ಕೇಳಿ ಬಂದವರಿಗಾಗಿ ಈ ಬರಹ. ಯಾವ ಹಂತದಲ್ಲಿ ಏನು ಕೇಳಬೇಕು, ಏನು ತಯಾರಿ ಮಾಡಿಕೊಳ್ಳಬೇಕು, ಮನೆಗೆ ಬಂದ ಮೇಲೆ ಯಾವುದರ ಮೇಲೆ ಕಣ್ಣಿಡಬೇಕು ಅನ್ನುವುದನ್ನು ಕ್ರಮವಾಗಿ ಹೇಳುತ್ತೇನೆ. ನಿಮ್ಮ ಡಾಕ್ಟರು ಬೇರೆ ಹೇಳಿದರೆ ಅವರ ಮಾತೇ ನಡೆಯಲಿ. ಅವರ ಮುಂದೆ ನಿಮ್ಮ ಸ್ಕ್ಯಾನ್ ಇದೆ, ನನ್ನ ಮುಂದೆ ಇಲ್ಲ.

ಮುಖದ ಮೂಳೆ ಯಾಕೆ ಕತ್ತರಿಸುತ್ತಾರೆ

ಮೆದುಳು ಕೂತಿರುವ ಮೂಳೆಯ ತಟ್ಟೆಗೆ ತಲೆಬುರುಡೆಯ ಬುಡ ಅನ್ನಬಹುದು. ಅದರ ಕೆಳಗೇ ಮೂಗು, ಸೈನಸ್, ಕಣ್ಣಿನ ಗುಳಿ, ಮೇಲ್ದವಡೆ ಇವೆ. ಗಡ್ಡೆ ಈ ತಟ್ಟೆಯಲ್ಲೇ ಹುಟ್ಟಿದ್ದರೆ, ಅಥವಾ ಮೂಗಿನಿಂದ ಮೇಲಕ್ಕೆ ನುಗ್ಗಿದ್ದರೆ, ತಲೆಯ ಮೇಲಿನಿಂದ ಹೋದಾಗ ಮೆದುಳನ್ನು ಎತ್ತಿ ಹಿಡಿದು ಕೆಲಸ ಮಾಡಬೇಕು. ಮೆದುಳು ಅದನ್ನು ಸಹಿಸುವುದಿಲ್ಲ. ಒತ್ತಡ ಹೆಚ್ಚಾದರೆ ಊತ, ಫಿಟ್ಸ್, ಪಾರ್ಶ್ವವಾಯು ಆಗಬಹುದು. ಮುಖದ ಮೂಳೆ ಹಾಗಲ್ಲ. ಕತ್ತರಿಸಿ ಸರಿಸಿ, ಮತ್ತೆ ಅದೇ ಜಾಗದಲ್ಲಿ ಕೂರಿಸಿ ಪ್ಲೇಟ್ ಹಾಕಿದರೆ ಕೂಡಿಕೊಳ್ಳುತ್ತದೆ. ಅಡಿಪಾಯ ರಿಪೇರಿಗೆ ಯಾರೂ ಮನೆಯ ಮಾಡು ಬಿಚ್ಚುವುದಿಲ್ಲ, ಅಲ್ವಾ? ಪಕ್ಕದಿಂದ ಅಗೆಯುತ್ತಾರೆ. ಇಲ್ಲೂ ಅಷ್ಟೇ.

ಇದು ಹೊಸ ಪ್ರಯೋಗವೇನಲ್ಲ. 1867ರಲ್ಲೇ ಬಾಸ್ಟನ್‌ನ ಸರ್ಜನ್ ಡೇವಿಡ್ ಚೀವರ್, ಮೂಗಿನ ಹಿಂದೆ ತಲೆಬುರುಡೆಯ ಬುಡಕ್ಕೆ ಅಂಟಿದ್ದ ಗಡ್ಡೆಯನ್ನು ಮೇಲ್ದವಡೆಯ ಮೂಳೆ ಸರಿಸಿ ತೆಗೆದು, ಮೂಳೆಯನ್ನು ಮತ್ತೆ ಜೋಡಿಸಿದ್ದರು. ಹಲ್ಲು ಉಬ್ಬಿದವರ ದವಡೆ ಸರಿಮಾಡಲು ಮೇಲ್ದವಡೆ ಕತ್ತರಿಸುವ ಪದ್ಧತಿ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. 1960ರ ದಶಕದಲ್ಲಿ ಪ್ಯಾರಿಸ್ ಪಕ್ಕದ ಫೋಷ್ ಆಸ್ಪತ್ರೆಯಲ್ಲಿ ಪಾಲ್ ಟೆಸಿಯೆ ಎಂಬ ಮುಖದ ಸರ್ಜನ್, ಜೆರಾರ್ ಗ್ಯೂಯೊ ಎಂಬ ನ್ಯೂರೋಸರ್ಜನ್ ಜೊತೆ ಸೇರಿ ಕಣ್ಣಿನ ಗುಳಿಗಳನ್ನೇ ತಲೆಬುರುಡೆಯೊಳಗಿನಿಂದ ಸರಿಸಬಹುದು ಎಂದು ತೋರಿಸಿದರು. ಎರಡು ತಂಡ ಒಂದೇ ಟೇಬಲ್ ಹತ್ತಿರ ನಿಲ್ಲುವ ಇಂದಿನ ಪದ್ಧತಿಗೆ ಗಟ್ಟಿ ನೆಲೆ ಸಿಕ್ಕಿದ್ದು ಆಗ.

ಮೊದಲನೆಯದು: ಮೂಳೆ ತೆರೆಯಲೇಬೇಕಾ ಅಂತ ಕೇಳಿ

ಈ ಪ್ರಶ್ನೆ ಕೇಳಲು ಸಂಕೋಚ ಬೇಡ. ಮೊದಲು ಮುಖ ತೆರೆದೇ ಮಾಡುತ್ತಿದ್ದ ಎಷ್ಟೋ ಆಪರೇಷನ್‌ಗಳನ್ನು ಈಗ ಮೂಗಿನ ಮೂಲಕ ಎಂಡೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ತೆಳು ನಳಿಗೆ, ಹಾಕಿ ಮಾಡುತ್ತಾರೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಹಾರ್ಮೋನ್ ಗ್ರಂಥಿಯ ಗಡ್ಡೆಗೆ ಬಹುತೇಕ ಅದೇ ದಾರಿ. ನಡುವಿನಲ್ಲಿರುವ ಎಷ್ಟೋ ಗಡ್ಡೆಗಳಿಗೂ ಅದೇ ಸಾಕಾಗುತ್ತದೆ. ಆದರೆ ಗಡ್ಡೆ ಪಕ್ಕಕ್ಕೆ ಹರಡಿ ಕೆನ್ನೆಮೂಳೆಯ ಹಿಂದೆ ಹೋಗಿದ್ದರೆ, ದೊಡ್ಡ ರಕ್ತನಾಳದ ಆಚೆ ಬದಿಗೆ ದಾಟಿದ್ದರೆ, ಹಿಂದೆ ಆಪರೇಷನ್ ಆಗಿ ಮತ್ತೆ ಬಂದಿದ್ದರೆ, ತೆರೆದ ದಾರಿಯೇ ಬೇಕಾಗಬಹುದು. ಡಾಕ್ಟರು ಸ್ಕ್ರೀನ್ ಮೇಲೆ ಬೆರಳಿಟ್ಟು, "ಎಂಡೋಸ್ಕೋಪ್ ಇಲ್ಲಿವರೆಗೆ ಹೋಗುತ್ತದೆ, ಈ ಭಾಗ ಸಿಗುವುದಿಲ್ಲ" ಅಂತ ತೋರಿಸಿದರೆ ನಂಬಬಹುದು. "ನಾವು ಯಾವಾಗಲೂ ಹೀಗೇ ಮಾಡುವುದು" ಅನ್ನುವ ಉತ್ತರ ಬಂದರೆ ಇನ್ನೊಂದು ಕಡೆ ತೋರಿಸಿ. ಎರಡನೇ ಅಭಿಪ್ರಾಯ ಕೇಳಿದರೆ ಒಳ್ಳೆಯ ಡಾಕ್ಟರು ಮುನಿಸಿಕೊಳ್ಳುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹದಿಹರೆಯದ ಹುಡುಗನಿಗೆ ಒಂದು ಕಡೆ ಮೂಗು ಕಟ್ಟಿ, ಪದೇ ಪದೇ ಮೂಗಿನಲ್ಲಿ ರಕ್ತ ಬರುತ್ತಿದ್ದರೆ ಅದು ಆಂಜಿಯೋಫೈಬ್ರೋಮಾ ಇರಬಹುದು. ಕ್ಯಾನ್ಸರ್ ಅಲ್ಲ, ಆದರೆ ರಕ್ತ ತುಂಬಿಕೊಂಡ ಗಡ್ಡೆ. ಸ್ಕ್ಯಾನ್ ಮಾಡಿಸದೆ ಓಪಿಡಿಯಲ್ಲಿ ಕೂರಿಸಿ ಚೂರು ತೆಗೆದು ಬಯಾಪ್ಸಿಗೆ ಕಳಿಸಲು ಯಾರಿಗೂ ಬಿಡಬೇಡಿ. ರಕ್ತ ನಿಲ್ಲಿಸುವುದೇ ಕಷ್ಟ ಆಗಬಹುದು.

ಇಬ್ಬರನ್ನೂ ಒಟ್ಟಿಗೆ ಕಂಡು ಮಾತಾಡಿ

ಸಾಮಾನ್ಯವಾಗಿ ಆಗುವುದು ಹೀಗೆ. ಸೋಮವಾರ ನ್ಯೂರೋ ಓಪಿಡಿ, ಗುರುವಾರ ದವಡೆ ವಿಭಾಗ. ಇಬ್ಬರೂ ಅರ್ಧರ್ಧ ಹೇಳುತ್ತಾರೆ, ಮಿಕ್ಕಿದ್ದನ್ನು ಅವರನ್ನೇ ಕೇಳಿ ಅನ್ನುತ್ತಾರೆ. ಮಧ್ಯದಲ್ಲಿ ಸಿಕ್ಕಿಕೊಳ್ಳುವವರು ಮನೆಯವರು. ಆದ್ದರಿಂದ ಆಪರೇಷನ್ ತಾರೀಖು ಗೊತ್ತಾಗುವ ಮೊದಲೇ, "ಇಬ್ಬರೂ ಇರುವಾಗ ಹತ್ತು ನಿಮಿಷ ಮಾತಾಡಬಹುದಾ?" ಅಂತ ಕೇಳಿಕೊಳ್ಳಿ. ಕ್ಯಾನ್ಸರ್ ವಿಭಾಗ ಇರುವ ಆಸ್ಪತ್ರೆಗಳಲ್ಲಿ ಟ್ಯೂಮರ್ ಬೋರ್ಡ್ ಅಂತ ಬೇರೆ ಬೇರೆ ವಿಭಾಗದ ಡಾಕ್ಟರು ಕೂತು ಮಾತಾಡುವ ವಾರದ ಸಭೆ ಇರುತ್ತದೆ. ನಿಮ್ಮ ಕೇಸು ಅಲ್ಲಿ ಬಂದಿತ್ತಾ ಅಂತ ವಿಚಾರಿಸಿ.

ಆ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಕೇಳಲಾಗುವುದಿಲ್ಲ. ನನ್ನ ಮಟ್ಟಿಗೆ ನಾಲ್ಕು ಪ್ರಶ್ನೆ ಮುಖ್ಯ:

- ತೆರೆಯುವವರು ಯಾರು, ಮುಚ್ಚುವವರು ಯಾರು? ಮುಚ್ಚುವ ಹೊತ್ತಿಗೆ, ಅದು ರಾತ್ರಿಯಾದರೂ, ಮುಖದ ಸರ್ಜನ್ (ಅಂದರೆ ದವಡೆ ಡಾಕ್ಟರು) ಅಲ್ಲೇ ಇರುತ್ತಾರಾ?
- ಮೆದುಳಿಗೂ ಮೂಗಿಗೂ ನಡುವೆ ತೆರೆದ ಜಾಗವನ್ನು ಯಾವುದರಿಂದ ಮುಚ್ಚುತ್ತೀರಿ?
- ಹಲ್ಲಿನ ಕಚ್ಚು, ಅಂದರೆ ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ, ಮೊದಲಿನ ಹಾಗೇ ಬರುತ್ತದಾ?
- ಆಪರೇಷನ್ ಆಗಿ ಮೂರನೇ ದಿನ ರಾತ್ರಿ ಮೂಗಿನಿಂದ ನೀರು ಬಂದರೆ ಯಾರನ್ನು ಕರೆಯಬೇಕು?

ಕೊನೆಯ ಪ್ರಶ್ನೆಯನ್ನು ಎಷ್ಟೋ ಜನ ಕೇಳುವುದೇ ಇಲ್ಲ. ಕೆಲವು ಕಡೆ ಮುಖದ ಸರ್ಜನ್ ವಿಸಿಟಿಂಗ್ ಆಗಿರುತ್ತಾರೆ. ಆಪರೇಷನ್ ದಿನ ಬಂದು ಹೋಗುತ್ತಾರೆ. ಅದು ತಪ್ಪಲ್ಲ. ಆದರೆ ಆಮೇಲೆ ಯಾರ ಜವಾಬ್ದಾರಿ ಅನ್ನುವುದು ಮೊದಲೇ ಗೊತ್ತಿರಬೇಕು. ಆಸ್ಪತ್ರೆ ಆರಿಸುವಾಗ ನಾನಾದರೆ ಕಟ್ಟಡ, ಮಷೀನಿಗಿಂತ ಇದನ್ನೇ ಮೊದಲು ನೋಡುತ್ತೇನೆ: ಈ ಇಬ್ಬರು ಮೊದಲೂ ಒಟ್ಟಿಗೆ ಕೆಲಸ ಮಾಡಿದ್ದಾರಾ?

ಆಪರೇಷನ್‌ಗೆ ಮುಂಚಿನ ವಾರಗಳು

ಸ್ಕ್ಯಾನ್‌ಗಳಿಂದ ಶುರು. ಮೂಳೆಗೆ ತೆಳು ಪದರದ ಸಿಟಿ, ಗಡ್ಡೆಗೆ ಮತ್ತು ಮೆದುಳಿಗೆ ಎಂಆರ್‌ಐ, ರಕ್ತನಾಳಕ್ಕೆ ಆಂಜಿಯೋಗ್ರಾಂ. ಮೂರರ ಸಿಡಿ ಅಥವಾ ಪೆನ್‌ಡ್ರೈವ್ ಇಟ್ಟುಕೊಳ್ಳಿ. ಬರೀ ಕಾಗದದ ರಿಪೋರ್ಟ್ ಸಾಲದು. ಓಟಿಯಲ್ಲಿ (ಆಪರೇಷನ್ ಕೋಣೆಯಲ್ಲಿ) ಸರ್ಜನ್‌ಗೆ ದಾರಿ ತೋರಿಸುವ ನ್ಯಾವಿಗೇಷನ್ ಮಷೀನಿಗೆ ಹಾಕಲು ಮೂಲ ಚಿತ್ರಗಳೇ ಬೇಕು.

ಕಣ್ಣಿನ ದೃಷ್ಟಿ ಮತ್ತು ನೋಟದ ವ್ಯಾಪ್ತಿ, ಕಿವಿ, ವಾಸನೆ, ಹಾರ್ಮೋನ್ ಇವುಗಳ ಪರೀಕ್ಷೆ ಗಡ್ಡೆ ಇರುವ ಜಾಗದ ಮೇಲೆ ಹೇಳುತ್ತಾರೆ. ಮೊದಲು ಎಷ್ಟಿತ್ತು ಅಂತ ಬರೆದಿಟ್ಟರೆ ಆಮೇಲೆ ಹೋಲಿಸಿ ನೋಡಬಹುದು.

ಹಲ್ಲಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಿ. ಹುಳುಕು ಹಲ್ಲು, ಕೀವು ಕಟ್ಟಿದ ವಸಡು ಇಟ್ಟುಕೊಂಡು ಬಾಯಿ ಮೂಲಕ ಮೆದುಳಿನ ಹತ್ತಿರ ಹೋಗುವುದು ಒಳ್ಳೆಯದಲ್ಲ. ಆಮೇಲೆ ರೇಡಿಯೇಷನ್ ಕೊಡುವ ಯೋಚನೆ ಇದ್ದರಂತೂ, ಕೀಳಬೇಕಾದ ಹಲ್ಲನ್ನು ಮೊದಲೇ ಕೀಳಿಸಬೇಕು. ರೇಡಿಯೇಷನ್ ಆದ ದವಡೆಯಲ್ಲಿ ಹಲ್ಲು ಕಿತ್ತರೆ ಮೂಳೆ ಸರಿಯಾಗಿ ಮಾಯುವುದಿಲ್ಲ. ಮೇಲ್ದವಡೆ ಇಳಿಸುವ ಆಪರೇಷನ್ ಆದರೆ ಹಲ್ಲಿನ ಅಚ್ಚು ತೆಗೆದು, ಹಲ್ಲುಗಳನ್ನು ಸರಿಯಾಗಿ ಕೂಡಿಸಲು ಪ್ಲಾಸ್ಟಿಕ್ ಸ್ಪ್ಲಿಂಟ್ ಮಾಡಿಸಿಕೊಳ್ಳುವುದೂ ಉಂಟು.

ರಕ್ತ ತೆಳು ಮಾಡುವ ಮಾತ್ರೆ, ಅಂದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತರದವು, ತೆಗೆದುಕೊಳ್ಳುತ್ತಿದ್ದರೆ ಹೇಳಿ. ನೀವೇ ನಿಲ್ಲಿಸಬೇಡಿ, ಯಾವಾಗ ನಿಲ್ಲಿಸಬೇಕು ಅಂತ ಅವರು ಹೇಳುತ್ತಾರೆ. ನಾಟಿ ಔಷಧ, ಪುಡಿ, ಕಷಾಯ ಕುಡಿಯುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಬೀಡಿ, ಸಿಗರೇಟು, ಗುಟ್ಕಾ ಬಿಡಲೇಬೇಕು. ಬಾಯೊಳಗಿನ ಹೊಲಿಗೆ ಮಾಯುವುದಕ್ಕೆ ತಂಬಾಕಿನಷ್ಟು ಅಡ್ಡಿ ಮಾಡುವ ವಸ್ತು ಇನ್ನೊಂದಿಲ್ಲ. ಶುಗರ್ ಇದ್ದವರಿಗೆ ಇನ್ನೊಂದು ಮಾತು. ಮೆದುಳಿನ ಊತ ಇಳಿಸಲು ಕೊಡುವ ಸ್ಟಿರಾಯ್ಡ್‌ನಿಂದ ಶುಗರ್ ಏರುತ್ತದೆ. ಸ್ವಲ್ಪ ದಿನ ಇನ್ಸುಲಿನ್ ಬೇಕಾದರೆ ಹೆದರಬೇಡಿ.

ರಕ್ತ ಹೆಚ್ಚು ಹರಿಯುವ ಗಡ್ಡೆ ಆದರೆ ಆಪರೇಷನ್‌ಗೆ ಒಂದರಿಂದ ಮೂರು ದಿನ ಮುಂಚೆ ತೊಡೆ ಅಥವಾ ಕೈಯ ರಕ್ತನಾಳದ ಮೂಲಕ ತಂತಿ ಹಾಕಿ ಗಡ್ಡೆಗೆ ಹೋಗುವ ರಕ್ತ ಕಟ್ಟುತ್ತಾರೆ. ಇದಕ್ಕೆ ಎಂಬೋಲೈಸೇಷನ್ ಅನ್ನುತ್ತಾರೆ. ಬೇರೆ ಬಿಲ್ ಬರಬಹುದು, ಕೇಳಿಕೊಳ್ಳಿ. ರಕ್ತ ಕೊಡುವವರನ್ನೂ ಈಗಲೇ ಹೊಂದಿಸಿ.

ದುಡ್ಡಿನ ವಿಷಯ. ಕರ್ನಾಟಕದವರಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ತುರ್ತು ಅಲ್ಲದಿದ್ದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಆಮೇಲೆ ಮುಂಗಡ ಅನುಮತಿ ಆಗಬೇಕು. ಎರಡು ವಿಭಾಗದ ಕೆಲಸ ಒಂದೇ ಪ್ಯಾಕೇಜಿನಲ್ಲಿ ಬರುತ್ತದಾ, ಪ್ಲೇಟು ಸ್ಕ್ರೂ ಅದರಲ್ಲೇ ಸೇರಿವೆಯಾ ಅಂತ ಯೋಜನೆಯ ಕೌಂಟರಿನಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ. ಡಾಕ್ಟರಿಗಿಂತ ಅವರಿಗೇ ಇದು ಚೆನ್ನಾಗಿ ಗೊತ್ತಿರುತ್ತದೆ.

ಓಟಿ ಒಳಗೆ

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಮೂಗಿನ ಹಿಂದೆ, ತಲೆಬುರುಡೆಯ ಬುಡದ ಮಧ್ಯದಲ್ಲಿ ಕ್ಲೈವಸ್ ಅನ್ನುವ ಇಳಿಜಾರು ಮೂಳೆ ಇದೆ. ಅದರಲ್ಲಿ ಕಾರ್ಡೋಮಾ ಅನ್ನುವ ಗಡ್ಡೆ ಬೆಳೆಯುತ್ತದೆ. ಮೂಳೆಯ ಬೆನ್ನಿಗೇ ಮೆದುಳಿನ ಕಾಂಡ ಇದೆ, ಬೇಸಿಲರ್ ರಕ್ತನಾಳ ಇದೆ. ಎಂಡೋಸ್ಕೋಪ್‌ಗೆ ಒಗ್ಗದ ದೊಡ್ಡ ಗಡ್ಡೆಗೆ ಮೇಲ್ದವಡೆ ಇಳಿಸಿ ಹೋಗುವ ಲೆಫೋರ್ಟ್ ಒಂದು ಎಂಬ ದಾರಿ ಬಳಸುತ್ತಾರೆ. 1901ರಲ್ಲಿ ಮುಖದ ಮೂಳೆ ಯಾವ ಗೆರೆಯಲ್ಲಿ ಮುರಿಯುತ್ತದೆ ಎಂದು ವಿವರಿಸಿದ ಫ್ರಾನ್ಸಿನ ರೆನೆ ಲೆಫೋರ್ಟ್ ಹೆಸರು ಅದು.

ಮೊದಲು ಅನಸ್ತೇಶಿಯಾದವರ ಕೆಲಸ. ಬಾಯಲ್ಲೇ ಆಪರೇಷನ್ ನಡೆಯುವಾಗ ಉಸಿರಿನ ನಳಿಗೆ ಅಡ್ಡ ಬರುತ್ತದೆ. ಅದಕ್ಕೆ ಕೆಲವೊಮ್ಮೆ ಗದ್ದದ ಕೆಳಗಿನಿಂದ ನಳಿಗೆ ಹೊರಗೆ ತರುತ್ತಾರೆ, ಕೆಲವೊಮ್ಮೆ ಕತ್ತಿನಲ್ಲಿ ರಂಧ್ರ ಮಾಡುತ್ತಾರೆ.

ಆಮೇಲೆ ಮುಖದ ಸರ್ಜನ್ ಮೇಲ್ದುಟಿ ಎತ್ತಿ, ವಸಡಿನ ಮೇಲೆ ಈ ದವಡೆಹಲ್ಲಿನಿಂದ ಆ ದವಡೆಹಲ್ಲಿನವರೆಗೆ ಕೊಯ್ಯುತ್ತಾರೆ. ಮುಖದ ಮೇಲೆ ಗಾಯದ ಗುರುತೇ ಇರುವುದಿಲ್ಲ. ಮೂಳೆ ಕಂಡ ಮೇಲೆ ಕತ್ತರಿಸಬೇಕಾದ ಗೆರೆ ಎಳೆಯುತ್ತಾರೆ. ಆದರೆ ಕೂಡಲೇ ಗರಗಸ ಹಿಡಿಯುವುದಿಲ್ಲ. ಮೊದಲು ಟೈಟೇನಿಯಂ ಪ್ಲೇಟುಗಳನ್ನು ಆ ಗೆರೆಗೆ ಅಡ್ಡವಾಗಿ ಇಟ್ಟು, ಮೂಳೆಯ ಉಬ್ಬುತಗ್ಗಿಗೆ ಸರಿಯಾಗಿ ಬಗ್ಗಿಸಿ, ಸ್ಕ್ರೂ ತೂತು ಕೊರೆದು ಕೂರಿಸಿ ನೋಡುತ್ತಾರೆ. ಮತ್ತೆ ಬಿಚ್ಚಿ, ಯಾವುದು ಎಡ, ಯಾವುದು ಬಲ ಅಂತ ಗುರುತು ಹಾಕಿ ಟ್ರೇನಲ್ಲಿ ಇಡುತ್ತಾರೆ. ಆಮೇಲೆ ಕತ್ತರಿಸುವುದು. ಕೊನೆಯಲ್ಲಿ ಅದೇ ಪ್ಲೇಟು ಅದೇ ತೂತಿಗೆ ಹೋದರೆ ದವಡೆ ಮೊದಲಿದ್ದಲ್ಲೇ ಕೂರುತ್ತದೆ. ಗಂಟೆಗಟ್ಟಲೆ ಆದಮೇಲೆ ಮಾಡಬೇಕಾದ ಜೋಡಣೆಯನ್ನು ಕತ್ತರಿಸುವ ಮುಂಚೆಯೇ ಮುಗಿಸಿಟ್ಟುಕೊಳ್ಳುವುದು ಅಂದರೆ ಇದು. ಮುಖದ ಸರ್ಜನ್ ಯಾಕೆ ಬೇಕು ಅನ್ನುವುದಕ್ಕೆ ಈ ಒಂದು ಕೆಲಸ ಸಾಕು. ಕಚ್ಚು ಒಂದು ಕೂದಲೆಳೆ ತಪ್ಪಿದರೂ ರೋಗಿಗೆ ಪ್ರತಿ ತುತ್ತಿಗೂ ಗೊತ್ತಾಗುತ್ತದೆ.

ಮೇಲ್ದವಡೆಯನ್ನು ಕೆಳಗೆ ಇಳಿಸುವ ಕ್ಷಣ ಬಂದಾಗ ಸರ್ಜನ್ ಅನಸ್ತೇಶಿಯಾದವರಿಗೆ ಹೇಳಿಯೇ ಇಳಿಸುತ್ತಾರೆ. ಮುಖದ ನರ ಎಳೆದಾಗ ಎದೆಬಡಿತ ತಟ್ಟನೆ ಇಳಿಯುವುದುಂಟು. ಕೈ ನಿಲ್ಲಿಸಿದರೆ ಹೆಚ್ಚಾಗಿ ತಾನೇ ಸರಿಹೋಗುತ್ತದೆ, ಬೇಕಾದರೆ ಔಷಧ ಕೊಡುತ್ತಾರೆ. ಇಳಿದ ದವಡೆ ಹಿಂಬದಿಯ ಮೆದು ಭಾಗಕ್ಕೆ ಅಂಟಿಕೊಂಡೇ ಇರುತ್ತದೆ, ಅಲ್ಲಿಂದಲೇ ಅದಕ್ಕೆ ರಕ್ತ. ಪೂರ್ತಿ ಹೊರಗೆ ತೆಗೆದಿಡುತ್ತಾರೆ ಅಂತ ಸುಮ್ನೆ ಹೆದರಬೇಡಿ.

ಈಗ ಮೈಕ್ರೋಸ್ಕೋಪ್ ಬರುತ್ತದೆ, ನ್ಯೂರೋಸರ್ಜನ್ ಸರದಿ. ಕ್ಲೈವಸ್ ಕೊರೆದು ಗಡ್ಡೆ ತೆಗೆಯುತ್ತಾರೆ. ಇದೇ ಜಾಸ್ತಿ ಹೊತ್ತು ಹಿಡಿಯುವ ಭಾಗ. ಮೆದುಳಿನ ಪೊರೆ ತೆರೆದಿದ್ದರೆ ತೊಡೆಯ ಪೊರೆ, ಹೊಟ್ಟೆಯ ಕೊಬ್ಬು, ಮೂಗಿನೊಳಗಿನ ಚರ್ಮ, ಅಂಟು ಇವುಗಳಿಂದ ಪದರ ಪದರವಾಗಿ ಮುಚ್ಚುತ್ತಾರೆ. ತಲೆಗೆ ಆಪರೇಷನ್ ಮಾಡಿಸಿಕೊಂಡವರ ಹೊಟ್ಟೆ, ತೊಡೆಯ ಮೇಲೆ ಬ್ಯಾಂಡೇಜ್ ಯಾಕೆ ಇದೆ ಅಂತ ಕೇಳಬೇಡಿ, ಇದಕ್ಕೇ. ಕೊನೆಗೆ ಮುಖದ ಸರ್ಜನ್ ಮತ್ತೆ ಬಂದು ಮೇಲಿನ ಕೆಳಗಿನ ಹಲ್ಲು ಕೂಡಿಸಿ ನೋಡಿ ಪ್ಲೇಟು ಬಿಗಿಯುತ್ತಾರೆ.

ಗಡ್ಡೆ ಬೇರೆ ಕಡೆ ಇದ್ದರೆ ದಾರಿಯೂ ಬೇರೆ. ಕಣ್ಣಿನ ಹಿಂದೆ, ಪಕ್ಕದಲ್ಲಿದ್ದರೆ ಕೂದಲೊಳಗೆ ಕೊಯ್ದು ಕಣ್ಣಿನ ಗುಳಿಯ ಅಂಚು ಮತ್ತು ಕೆನ್ನೆಮೂಳೆ ಬಿಡಿಸುತ್ತಾರೆ. ಇದರಲ್ಲಿ ಹುಬ್ಬು ಎತ್ತುವ ನರಕ್ಕೆ ಪೆಟ್ಟಾಗಬಹುದು, ಕೆಲವರಿಗೆ ಹಣೆಯ ಪಕ್ಕ ಗುಳಿ ಬೀಳಬಹುದು. ಕೆಳದವಡೆ ನಡುವೆ ಸೀಳಿ ಸರಿಸುವ ದಾರಿಯಲ್ಲಿ ತುಟಿ, ಗದ್ದದ ಮೇಲೆ ಗೆರೆ ಉಳಿಯುತ್ತದೆ. ಕನ್ಸೆಂಟ್ ಫಾರ್ಮ್‌ಗೆ ಸಹಿ ಹಾಕುವ ಮುಂಚೆ ನಿಮ್ಮ ದಾರಿ ಯಾವುದು ಅಂತ ಕನ್ನಡದಲ್ಲೇ ಹೇಳಿಸಿಕೊಳ್ಳಿ.

ಐಸಿಯು, ವಾರ್ಡ್

ಮೊದಲ ಸಲ ನೋಡುವಾಗ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮುಖ ಊದಿರುತ್ತದೆ, ಕಣ್ಣು ಮುಚ್ಚಿಕೊಂಡಿರಬಹುದು, ಮೂಗಿನ ತುಂಬ ಪ್ಯಾಕ್. ಎರಡು ಮೂರನೇ ದಿನಕ್ಕೆ ಊತ ಇನ್ನೂ ಏರಿ ಆಮೇಲೆ ಇಳಿಯುತ್ತದೆ. ಕತ್ತಿನಲ್ಲಿ ನಳಿಗೆ ಇದ್ದರೆ ಮಾತು ಬರುವುದಿಲ್ಲ. ಒಂದು ಸ್ಲೇಟು ಅಥವಾ ನೋಟ್‌ಬುಕ್, ಪೆನ್ನು ತೆಗೆದುಕೊಂಡು ಹೋಗಿ. ಓದು ಬರಹ ಬಾರದವರಿಗೆ ನೀರು, ನೋವು, ಬಾತ್‌ರೂಮ್ ಇವಕ್ಕೆ ಕೈಸನ್ನೆಯನ್ನು ಹಿಂದಿನ ದಿನವೇ ಮಾತಾಡಿಕೊಳ್ಳಿ.

ಸೊಂಟದಲ್ಲಿ ಸಣ್ಣ ನಳಿಗೆ ಇದ್ದರೆ ಅದು ಮೆದುಳಿನ ನೀರಿನ, ಅಂದರೆ ಮೆದುಳಿನ ಸುತ್ತ ಇರುವ ದ್ರವದ, ಒತ್ತಡ ಇಳಿಸುವ ಡ್ರೈನ್. ಅದು ಇರುವಷ್ಟು ದಿನ ನರ್ಸ್‌ಗೆ ಹೇಳದೆ ರೋಗಿಯನ್ನು ಎಬ್ಬಿಸಿ ಕೂರಿಸಬೇಡಿ, ಮಂಚ ಏರಿಸಬೇಡಿ. ಎತ್ತರ ಬದಲಾದರೆ ನೀರು ಬೇಕಾದ್ದಕ್ಕಿಂತ ಜಾಸ್ತಿ ಹರಿದುಹೋಗುತ್ತದೆ. ಪಿಟ್ಯುಟರಿ ಹತ್ತಿರದ ಆಪರೇಷನ್ ಆಗಿದ್ದರೆ ಎಷ್ಟು ಕುಡಿದರು, ಎಷ್ಟು ಮೂತ್ರ ಹೋಯಿತು ಎನ್ನುವ ಲೆಕ್ಕ ತುಂಬ ಮುಖ್ಯ. ವಿಪರೀತ ಬಾಯಾರಿಕೆ, ನೀರಿನಂತೆ ಮೂತ್ರ ಕಂಡರೆ ತಕ್ಷಣ ಹೇಳಿ.

ಮನೆಗೆ ಬಂದ ಮೇಲೆ

ಮೂಗಿನಿಂದಲೇ ಶುರು. ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಸ್ಟ್ರಾ ಹಾಕಿ ಹೀರಬಾರದು. ಬಗ್ಗಿ ಬಕೆಟ್ ಎತ್ತಬಾರದು, ಕಕ್ಕಸಿನಲ್ಲಿ ತಿಣುಕಬಾರದು. ಮಲಬದ್ಧತೆ ಆಗದ ಹಾಗೆ ಮಾತ್ರೆ ಕೊಟ್ಟಿದ್ದರೆ ತಪ್ಪಿಸಬೇಡಿ. ದಿಂಬು ಎತ್ತರಿಸಿ ಮಲಗಿ. ನಮ್ಮ ಕಡೆಯ ಕೆಲವು ಅಭ್ಯಾಸಗಳನ್ನೂ ಹೇಳಬೇಕು. ನಶ್ಯ, ಮೂಗಿಗೆ ಎಣ್ಣೆ ಹನಿ, ಜಲನೇತಿ, ಹಬೆ, ಕಪಾಲಭಾತಿ, ಸಾಷ್ಟಾಂಗ ಇವೆಲ್ಲ ಡಾಕ್ಟರು ಒಪ್ಪುವವರೆಗೆ ಬೇಡ. ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ಅವರೇ ಹೇಳಿಕೊಟ್ಟರೆ ಮಾತ್ರ ಮಾಡಿ. ಗೊರಕೆಗೆ ಸಿಪ್ಯಾಪ್ ಮಷೀನ್ ಹಾಕಿ ಮಲಗುವವರು ಕೇಳದೆ ಹಾಕಬೇಡಿ. ಅದರ ಗಾಳಿ ತಲೆಯೊಳಗೆ ನುಗ್ಗಬಹುದು. ವಿಮಾನ ಹತ್ತುವ ಮುಂಚೆಯೂ ಕೇಳಿ.

ಮುಂದಕ್ಕೆ ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತಿದೆಯಾ, ಗಂಟಲಲ್ಲಿ ಉಪ್ಪುಪ್ಪು ಇಳಿಯುತ್ತಿದೆಯಾ ನೋಡಿ. ನೆಗಡಿ ಅಂತ ಬಿಡಬೇಡಿ. ಸ್ವಚ್ಛವಾದ ಸಣ್ಣ ಬಾಟಲಿಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಯಲ್ಲಿ ಅದು ಮೆದುಳಿನ ನೀರಾ ಅಲ್ವಾ ಗೊತ್ತಾಗುತ್ತದೆ. ಜ್ವರ, ಕತ್ತು ಬಿಗಿತ, ಬೆಳಕು ನೋಡಲಾಗದಿರುವುದು, ಫಿಟ್ಸ್, ಮಂಕು, ದೃಷ್ಟಿ ಮಂಜಾಗುವುದು, ಮೂಗಿನಲ್ಲಿ ನಿಲ್ಲದ ರಕ್ತ, ಇವುಗಳಲ್ಲಿ ಯಾವುದೇ ಆದರೂ ಬೆಳಗಾಗಲಿ ಅಂತ ಕಾಯಬೇಡಿ.

ಊಟದ ವಿಷಯ. ದವಡೆ ಬಿಡಿಸಿದ್ದರೆ ಮೊದಲು ನೀರಾದದ್ದು, ಆಮೇಲೆ ಮೆತ್ತಗಿರುವುದು, ಒಟ್ಟು ನಾಲ್ಕರಿಂದ ಆರು ವಾರ ಅಗಿಯುವ ಊಟ ಬೇಡ. ರಾಗಿ ಗಂಜಿ, ಬೇಳೆ ಕಟ್ಟು, ಮಜ್ಜಿಗೆ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಅನ್ನ ಸಾರು, ಮೊಟ್ಟೆ ಸೂಪು. ಮುದ್ದೆ ಹೇಗೂ ಅಗಿಯುವುದಿಲ್ಲವಲ್ಲ ಅಂತ ಕೇಳುವವರಿದ್ದಾರೆ! ನಿಜ, ಆದರೆ ಅಂಟುತ್ತದೆ, ಹೊಲಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಡಾಕ್ಟರು ಹೂಂ ಅನ್ನುವವರೆಗೆ ಗಂಜಿಯೇ. ಮೇಲ್ದುಟಿ, ವಸಡು, ಹಲ್ಲು ಮರಗಟ್ಟಿರುತ್ತವೆ, ತಿಂಗಳುಗಟ್ಟಲೆ ಇರಬಹುದು. ಬಿಸಿ ಗೊತ್ತಾಗದೆ ಕಾಫಿಯಲ್ಲಿ ತುಟಿ ಸುಟ್ಟುಕೊಳ್ಳುತ್ತಾರೆ. ಕೊಡುವ ಮೊದಲು ನೀವು ಲೋಟ ಮುಟ್ಟಿ ನೋಡಿ. ಪ್ರತಿ ಸಲ ತಿಂದ ಮೇಲೆ ಹೇಳಿದ ಮೌತ್‌ವಾಶ್‌ನಿಂದ ಬಾಯಿ ಮೆಲ್ಲಗೆ ತೊಳೆಯಲಿ.

ಕೆನ್ನೆಮೂಳೆ ಬಿಡಿಸಿದವರಿಗೆ ಬಾಯಿ ಬಿಗಿದುಕೊಳ್ಳುತ್ತದೆ. ಡಾಕ್ಟರು ಹೇಳಿದ ದಿನದಿಂದ ವ್ಯಾಯಾಮ ಶುರುಮಾಡಿ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹಿಡಿಯುವುದು, ವಾರ ಕಳೆದಂತೆ ಒಂದೊಂದು ಕಡ್ಡಿ ಹೆಚ್ಚಿಸುವುದು. ನೋವಾಗುತ್ತದೆ ಅಂತ ಬಿಟ್ಟರೆ ಆಮೇಲೆ ಬಾಯಿ ತೆರೆಸುವುದು ತುಂಬ ಕಷ್ಟ.

ಪ್ಲೇಟುಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಟೈಟೇನಿಯಂ ಇದ್ದರೂ ಎಂಆರ್‌ಐ ಮಾಡಬಹುದು, ಆದರೂ ಸ್ಕ್ಯಾನ್ ಸೆಂಟರಿನಲ್ಲಿ ತಿಳಿಸಿ. ಮಕ್ಕಳಲ್ಲಿ ಮೂಳೆ ಬೆಳೆಯುವುದರಿಂದ ಅವರ ಲೆಕ್ಕ ಬೇರೆ, ಕರಗುವ ಪ್ಲೇಟುಗಳೂ ಇವೆ.

ಮುಂದೆ

ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ಮೇಲೆ ರೇಡಿಯೇಷನ್ ಬೇಕಾ ಅಂತ ತೀರ್ಮಾನ. ಕಾರ್ಡೋಮಾ ಆದರೆ ಹೆಚ್ಚಾಗಿ ಬೇಕು, ಅದರಲ್ಲೂ ಪ್ರೋಟಾನ್ ಚಿಕಿತ್ಸೆಯ, ಅಂದರೆ ಎಕ್ಸ್‌ರೇ ಬದಲು ಪ್ರೋಟಾನ್ ಕಣ ಬಳಸುವ ರೇಡಿಯೇಷನ್‌ನ, ಮಾತು ಬರುತ್ತದೆ. ಚೆನ್ನೈನ ಅಪೋಲೋ ಕೇಂದ್ರದಲ್ಲಿ 2019ರಿಂದ ಇದೆ. ನವಿ ಮುಂಬೈಯ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ಗೆ ಸೇರಿದ ಆಕ್ಟ್ರೆಕ್ ಎಂಬ ಕ್ಯಾನ್ಸರ್ ಕೇಂದ್ರದಲ್ಲೂ ಇದೆ. ಕಾರ್ಡೋಮಾ ವರ್ಷಗಳ ಮೇಲೆ ಮರಳಿ ಬರುವ ಜಾತಿ. ನೋವಿಲ್ಲ, ಚೆನ್ನಾಗಿದ್ದೇನೆ ಅಂತ ಎಂಆರ್‌ಐ ತಪ್ಪಿಸಬೇಡಿ. ಫಾಲೋಅಪ್‌ಗೆ ಹೋದಾಗ ಎರಡೂ ವಿಭಾಗಕ್ಕೆ ತೋರಿಸಿ. ನ್ಯೂರೋದವರು ಕಚ್ಚು ನೋಡುವುದಿಲ್ಲ, ದವಡೆಯವರು ಮೆದುಳಿನ ಫಿಲ್ಮ್ ನೋಡುವುದಿಲ್ಲ.

ಡಿಸ್ಚಾರ್ಜ್ ಸಮರಿಯನ್ನು ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಸಣ್ಣ ಚೀಟಿಯಲ್ಲಿ "ತಲೆಬುರುಡೆಯ ಬುಡದ ಆಪರೇಷನ್ ಆಗಿದೆ, ಮೂಗಿನ ಮೂಲಕ ಟ್ಯೂಬ್ ಹಾಕುವ ಮುನ್ನ ಸರ್ಜನ್‌ಗೆ ಫೋನ್ ಮಾಡಿ" ಅಂತ ಬರೆದು, ಫೋನ್ ನಂಬರ್ ಸೇರಿಸಿ ಪರ್ಸಿನಲ್ಲಿ ಹಾಕಿ. ಮುಂದೆ ಯಾವುದೋ ಊರಲ್ಲಿ, ಬೇರೆ ಯಾವುದೋ ಕಾಯಿಲೆಗೆ ಸೇರಿದಾಗ ನರ್ಸ್ ಎಂದಿನಂತೆ ಮೂಗಿಗೆ ಊಟದ ಟ್ಯೂಬ್ ತೂರಿಸಲು ಬರಬಹುದು, ಸ್ವಾಬ್ ತೆಗೆಯಲು ಬರಬಹುದು. ಮೂಗಿನ ಮೇಲ್ಭಾಗದ ಮೂಳೆ ಇಲ್ಲದವರಲ್ಲಿ ಟ್ಯೂಬ್ ಎಲ್ಲಿಗೆ ಹೋಗುತ್ತದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಆ ಚೀಟಿ ತೋರಿಸಿ, ಟ್ಯೂಬನ್ನು ಬಾಯಿ ಮೂಲಕವೋ ಎಂಡೋಸ್ಕೋಪ್‌ನಲ್ಲಿ ನೋಡಿಕೊಂಡೋ ಹಾಕಿ ಅಂತ ಹೇಳಿ.